ರಾಯಚೂರಿನ ಬಿಸಿಲಲ್ಲಿ ಬಡ್ಜಿ ಸಾಕಬಹುದಾ?

ನಮ್ಮ ಪಡಸಾಲೆಯಲ್ಲಿ ಬಡ್ಜಿ ಅನ್ನೋ ಪುಟ್ಟ ಗಿಳಿಗಳ ಪಂಜರ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ನಾವೂ ಒಂದು ಜೋಡಿ ತರ್ಬೇಕು ಅಂತೀವಿ. ಈ ಬಿಸಿಲಿಗೆ ಉಳೀತಾವೇನ್ರಿ?"

ಉಳಿಯುತ್ತವೆ. ಆದರೆ ಹಕ್ಕಿ ನೋಡೋಕೆ ಹೋಗುವ ಮೊದಲು ನಿಮ್ಮ ಮನೆ ನೋಡಿಕೊಳ್ಳಿ. ನಮ್ಮ ಕಡೆ ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಬಡ್ಜಿಯನ್ನೇ. ಹಕ್ಕಿಗಿಂತ ಒಳ್ಳೆ ಪಂಜರಕ್ಕೇ ದುಡ್ಡು ಜಾಸ್ತಿ. ಆ ಪಂಜರ ಇಡೋಕೆ ಜಾಗ ಎಲ್ಲಿದೆ ಅನ್ನೋದೇ ಅಸಲಿ ಪ್ರಶ್ನೆ.

"ಆಸ್ಟ್ರೇಲಿಯಾದ ಒಣಭೂಮಿ ಹಕ್ಕಿ ಅದು, ರಾಯಚೂರು ಬಿಸಿಲು ಅದಕ್ಕ ಯಾವ ಲೆಕ್ಕ?" ಅನ್ನುವವರೂ ಇದ್ದಾರೆ. ಅರ್ಧ ನಿಜ. ಅಲ್ಲಿ ಅದು ಸುಡು ಮಧ್ಯಾಹ್ನ ಮರದ ನೆರಳಲ್ಲಿ ಸುಮ್ಮನೆ ಕೂರುತ್ತದೆ. ನೀರು ಬತ್ತಿದರೆ ಹಿಂಡು ಕಟ್ಟಿಕೊಂಡು ಬೇರೆ ಕಡೆ ಹಾರುತ್ತದೆ. ಅಷ್ಟಾದರೂ 1932ರ ಬಿಸಿಗಾಳಿಗೆ ಅಲ್ಲಿ ಸಾವಿರಾರು ಬಡ್ಜಿಗಳು ಸತ್ತವು. ಪಂಜರದ ಹಕ್ಕಿ ಎಲ್ಲಿಗೆ ಹಾರಬೇಕು? ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಶೀಟಿನ ಕೆಳಗೆ ಅಥವಾ ಪಶ್ಚಿಮದ ಕಿಟಕಿಗೆ ಪಂಜರ ತೂಗುಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹಳೇ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ಒಳಗೆ ತಂಪಿರುತ್ತದೆ. ಆರ್‌ಸಿಸಿ ಮನೆಯ ಮೇಲಂತಸ್ತು ರಾತ್ರಿಯಾದರೂ ಕಾದೇ ಇರುತ್ತದೆ, ಅಲ್ಲಿ ಬೇಡ. ಕೂಲರ್ ಹಾಕಬಹುದು, ಆದರೆ ಗಾಳಿ ನೇರ ಹಕ್ಕಿಗೆ ಬಡಿಯಬಾರದು. ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಇಟ್ಟುಕೊಂಡು ಕೂತಿದ್ದರೆ ಸೆಕೆ ತಡೆಯೋಕೆ ಆಗ್ತಿಲ್ಲ ಅಂತ ಅರ್ಥ. ತಕ್ಷಣ ತಂಪಾದ ಕಡೆ ಒಯ್ಯಿರಿ. ಅಗಲ ತಟ್ಟೆಯಲ್ಲಿ ಸ್ವಲ್ಪ ನೀರಿಟ್ಟರೆ ತಾನೇ ಮೈ ತೊಳೆದುಕೊಳ್ಳುತ್ತದೆ.

ಅಡುಗೆಮನೆ ಪಕ್ಕವೂ ಬೇಡ. ಬೆಳಗಾದರೆ ಮಂಡಾಳ ಒಗ್ಗರಣೆ, ಮಿರ್ಚಿ ಆಗಬೇಕಲ್ಲ ನಮಗೆ! ಆ ಘಾಟಿಗೆ ನಮಗೇ ಕೆಮ್ಮು ಬರುತ್ತದೆ. ಬಡ್ಜಿಯ ಮೈತೂಕ 30–40 ಗ್ರಾಂ ಅಷ್ಟೇ. ಊದುಬತ್ತಿ, ಸೊಳ್ಳೆ ಬತ್ತಿ ಹೊಗೆಯೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನಾನ್‌ಸ್ಟಿಕ್ ತವಾ. ಖಾಲಿ ತವಾ ಒಲೆ ಮೇಲೆ ಅತಿಯಾಗಿ ಕಾದರೆ ಬರುವ ಹೊಗೆ ನಮ್ಮ ಕಣ್ಣಿಗೆ ಕಾಣದಿದ್ದರೂ ಹಕ್ಕಿಯ ಜೀವ ತೆಗೆಯುತ್ತದೆ.

ಇನ್ನು ಫ್ಯಾನ್. ಪಂಜರದಿಂದ ದಿನಾ ಸ್ವಲ್ಪ ಹೊತ್ತು ಹೊರಗೆ ಬಿಡಬೇಕು, ಆಗ ಸೀಲಿಂಗ್ ಫ್ಯಾನ್ ನಿಂತಿರಲೇಬೇಕು. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಊರಲ್ಲಿ ಫ್ಯಾನ್ ನಿಲ್ಲಿಸೋದು ಯಾವಾಗ ಹೇಳಿ? ಬೆಳಗಿನ ಜಾವವೇ ಗತಿ. ಬೇಗ ಏಳುವ ಅಭ್ಯಾಸ ಇದೆಯಾ ಅಂತ ಅದಕ್ಕೇ ನಾನು ಕೇಳೋದು.

ಊಟದ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ನವಣೆ ಇಲ್ಲೇ ಬೆಳೆಯುತ್ತದೆ, ಬಡ್ಜಿಗೆ ಅದೆಂದರೆ ಪ್ರಾಣ. ಹೊಟ್ಟು ತೆಗೆಯದ ನವಣೆಯನ್ನೇ ತನ್ನಿ, ಸುಲಿದು ತಿನ್ನೋದೇ ಅದರ ಕೆಲಸ. ಇಲ್ಲೊಂದು ಸಂಗತಿ ಇದೆ. ಕಾಳನ್ನು ಕೊಕ್ಕಿನಲ್ಲಿ ತಿರುಗಿಸಿ, ತಿರುಳು ತಿಂದು, ಸಿಪ್ಪೆಯನ್ನು ಬಟ್ಟಲಿಗೇ ಉದುರಿಸುತ್ತದೆ. ಸಂಜೆ ನೋಡಿದರೆ ಬಟ್ಟಲು ತುಂಬಿದ ಹಾಗೇ ಇರುತ್ತದೆ. ಒಮ್ಮೆ ಊದಿ ನೋಡಿ. ಸಿಪ್ಪೆಯೆಲ್ಲ ಹಾರಿ ಹೋಗಿ ತಳದಲ್ಲಿ ನಾಲ್ಕು ಕಾಳೂ ಇರುವುದಿಲ್ಲ. ತುಂಬಿದ ಬಟ್ಟಲ ಮುಂದೆ ಹಸಿವಿನಿಂದ ಸತ್ತ ಬಡ್ಜಿಗಳ ಕತೆ ಎಷ್ಟೋ ಇವೆ. ಬರೀ ಕಾಳು ತಿಂದರೆ ವಿಟಮಿನ್ ಎ ಸಾಲುವುದಿಲ್ಲ. ಕೊತ್ತಂಬರಿ, ಮೆಂತ್ಯ, ನುಗ್ಗೆ ಸೊಪ್ಪು ಕೊಡಿ. ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆಯಿರಿ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಉಪ್ಪು ಹಾಕಿದ ತಿಂಡಿ ಕೊಡಲೇಬಾರದು.

ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ಸ್ವಲ್ಪ ದೂರ ನಿಂತು ನೋಡಿ. ಹಗಲಲ್ಲೇ ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುವುದು, ಉಸಿರಿಗೊಮ್ಮೆ ಬಾಲ ಆಡಿಸುವುದು, ಹಿಂಭಾಗ ಹೊಲಸಾಗಿರುವುದು ಬೇಡ, ಪಾಪ ಅನ್ನಿಸಿದರೂ ಬೇಡ. ಕಾಯಿಲೆ ಬಚ್ಚಿಡುವ ಹಕ್ಕಿ ಇದು. ನಮಗೆ ಗೊತ್ತಾಗುವ ಹೊತ್ತಿಗೆ ರೋಗ ಬಲಿತಿರುತ್ತದೆ. ನಮ್ಮ ಕಡೆ ಪಶು ವೈದ್ಯರ ಕೈತುಂಬ ದನ, ಕುರಿಗಳ ಕೆಲಸವೇ ಇರುತ್ತದೆ. ಹಕ್ಕಿ ನೋಡುವವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ತರುವ ಮೊದಲೇ ವಿಚಾರಿಸಿಡಿ. ಎಳೆಯದನ್ನು ಗುರುತಿಸೋದು ಸುಲಭ: ಹಣೆಯ ಗೆರೆಗಳು ಕೊಕ್ಕಿನ ಮೇಲಿರುವ ಮೂಗಿನವರೆಗೂ ಬಂದಿರುತ್ತವೆ. ಬೆಳೆದ ಗಂಡಿನ ಮೂಗು ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು.

ಒಂದಾ, ಎರಡಾ? ಮನೆಯಲ್ಲಿ ಹಗಲೆಲ್ಲ ಯಾರೂ ಇರದಿದ್ದರೆ ಎರಡು ತನ್ನಿ, ಒಂಟಿ ಹಕ್ಕಿ ಕೊರಗುತ್ತದೆ. ಎರಡು ಗಂಡುಗಳೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಅಂಗಡಿಯವರು ಜೋಡಿ ಜೊತೆ ಗೂಡಿಗೆ ಅಂತ ಮಡಿಕೆಯನ್ನೂ ಕೊಡುತ್ತಾರೆ, ಮರಿ ಬೇಡ ಅಂದರೆ ಅದನ್ನು ಪಂಜರಕ್ಕೆ ಕಟ್ಟಬೇಡಿ. ಕಟ್ಟಿದರೆ ಮೊಟ್ಟೆ ಮೇಲೆ ಮೊಟ್ಟೆ ಇಟ್ಟು ಹೆಣ್ಣು ಸೊರಗುತ್ತದೆ.

ಅಜ್ಜಿಯಂದಿರು "ನಮ್ಮ ಹಸಿರು ಗಿಳೀನೇ ತರ್ರಿ" ಅನ್ನುತ್ತಾರೆ. ಅದು ಆಗದ ಮಾತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಾಡು ಗಿಳಿಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಯಾವಾಗ ತರಬೇಕು ಅಂದರೆ, ದೀಪಾವಳಿ ಪಟಾಕಿ ಮುಗಿದ ಮೇಲೆ. ಆ ಸದ್ದಿಗೆ ಹೊಸ ಹಕ್ಕಿ ಬೆದರಿ ಪಂಜರಕ್ಕೆ ಬಡಿದುಕೊಳ್ಳುತ್ತದೆ. ಆಮೇಲೆ ತಂದರೆ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ, ಬಿಸಿಲು ಏರುವಷ್ಟರಲ್ಲಿ ಮನೆಗೂ ನಿಮಗೂ ಹೊಂದಿಕೊಂಡಿರುತ್ತದೆ. ಮೇ ತಿಂಗಳಲ್ಲಿ ಮಕ್ಕಳ ರಜೆ ಅಂತ ತರೋಕೆ ಹೊರಟವರಿಗೆ ಮಾತ್ರ ನಾನು ಬೇಡ ಅಂತಲೇ ಹೇಳುತ್ತೇನೆ.