ರೋಲ್‌ರೈಟ್ ಕಲ್ಲುಗಳೂ ಮಾಟಗಾತಿಯೂ

ಇಂಗ್ಲೆಂಡಿನ ರೋಲ್‌ರೈಟ್ ಕಲ್ಲುಗಳ ಫೋಟೊ ತೋರಿಸಿದಾಗಲೆಲ್ಲ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಮಾಟಗಾತಿ ಮಾಡಿದ ಕಲ್ಲಂತಲ್ಲ, ಅದರಲ್ಲಿ ಏನಾದರೂ ನಿಜ ಇದೆಯಾ?"

ಮೊದಲು ಕಥೆ. ದಂಡೆತ್ತಿ ಹೊರಟ ರಾಜನೊಬ್ಬನನ್ನು ಆಕ್ಸ್‌ಫರ್ಡ್‌ಶೈರ್ ಮತ್ತು ವಾರಿಕ್‌ಶೈರ್ ಗಡಿಯ ದಿಬ್ಬದ ಮೇಲೆ ಮಾಟಗಾತಿ ತಡೆದಳು. ಏಳು ಹೆಜ್ಜೆ ಮುಂದಿಡು, ಕೆಳಗಿನ ಲಾಂಗ್ ಕಾಂಪ್ಟನ್ ಊರು ಕಂಡರೆ ನೀನೇ ಇಂಗ್ಲೆಂಡಿನ ದೊರೆ ಅಂದಳು. ಅವನು ಏಳನೇ ಹೆಜ್ಜೆ ಇಡುವಷ್ಟರಲ್ಲಿ ನೆಲ ಉಬ್ಬಿ ಊರು ಮರೆಯಾಯಿತು. ರಾಜ ಕಲ್ಲಾದ, ದಂಡು ಕಲ್ಲಾಯಿತು, ದೂರದಲ್ಲಿ ಗುಂಪುಗೂಡಿ ಪಿತೂರಿಯ ಪಿಸುಮಾತಾಡುತ್ತಿದ್ದ ಸರದಾರರೂ ಕಲ್ಲಾದರು. ಅವಳು ಎಲ್ಡರ್ ಗಿಡವಾಗಿ ನಿಂತಳು. ಹೂ ಬಿಟ್ಟಾಗ ಆ ಗಿಡ ಕಡಿದರೆ ರಕ್ತ ಸುರಿಯುತ್ತದಂತೆ, ರಾಜ ತಲೆಯಾಡಿಸುತ್ತಾನಂತೆ! ಊರವರ ಬಾಯಿಂದ ಇದನ್ನೆಲ್ಲ ಕೇಳಿ 1895ರಲ್ಲಿ ಪ್ರಕಟಿಸಿದವನು ಆರ್ಥರ್ ಇವಾನ್ಸ್, ಮುಂದೆ ಕ್ರೀಟ್ ದ್ವೀಪದಲ್ಲಿ ನಾಸಸ್ ಅರಮನೆ ಅಗೆಸಿದವನು.

ಇನ್ನು ನಿಜದ ವಿಷಯ. ಆ 'ಸರದಾರರು' ಕ್ರಿ.ಪೂ. 3800ರ ಆಸುಪಾಸಿನ ಗೋರಿಯೊಂದರ ಕಲ್ಲುಗಳು. 'ದಂಡು' ಅನ್ನುವುದು 77 ಕಲ್ಲುಗಳ ವೃತ್ತ, ಸುಮಾರು 33 ಮೀಟರ್ ಅಗಲ, ಕ್ರಿ.ಪೂ. 2500ರ ಹೊತ್ತಿನದು. ರಸ್ತೆಯಾಚೆ ಒಂಟಿಯಾಗಿ ನಿಂತ 'ರಾಜ' ಕ್ರಿ.ಪೂ. 1500ರ ಸುಮಾರಿನವನು. ಅಂದರೆ ಪಿತೂರಿಗಾರರು ರಾಜನಿಗಿಂತ ಎರಡು ಸಾವಿರ ವರ್ಷ ಮೊದಲೇ ಕಲ್ಲಾಗಿದ್ದರು. ವೃತ್ತದಲ್ಲಿ ಬಿದ್ದಿದ್ದ ಎಷ್ಟೋ ಕಲ್ಲುಗಳನ್ನು 1882ರ ಹೊತ್ತಿಗೆ ಎತ್ತಿ ನಿಲ್ಲಿಸಲಾಯಿತು. ರಾಜನ ಮೈ ಸೊಟ್ಟಗಾದದ್ದರಲ್ಲಿ ಜನರ ಕೈಯೂ ಇದೆ. ತಾಯಿತಕ್ಕೆಂದು ಚೂರುಚೂರೇ ಒಡೆದು ಒಯ್ದಿದ್ದಾರೆ. ಯಾರು ನಿಲ್ಲಿಸಿದರೆಂಬ ನೆನಪು ಅಳಿದ ಮೇಲೆ ಕಲ್ಲಿಗೊಂದು ಕಥೆ ಬೇಕೇ ಬೇಕು. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಗೋರಿಗಳೂ ಜನರ ಬಾಯಲ್ಲಿ 'ಮೊರೇರ ಮನೆ'ಗಳಾದವಲ್ಲ.

"ಹಾಗಾದರೆ ಬರೀ ಕಟ್ಟುಕಥೆ ಅನ್ನಿ" ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಅದೇ ಲಾಂಗ್ ಕಾಂಪ್ಟನ್‌ನಲ್ಲಿ 1875ರ ಸೆಪ್ಟೆಂಬರ್‌ನಲ್ಲಿ ಆ್ಯನ್ ಟೆನೆಂಟ್ ಎಂಬ ಮುದುಕಿಯನ್ನು ಜೇಮ್ಸ್ ಹೇವುಡ್ ಎಂಬ ಕೂಲಿಯಾಳು ಹುಲ್ಲೆತ್ತುವ ಕವೆಗೋಲಿನಿಂದ ಇರಿದು ಕೊಂದ. ಅವಳು ಮಾಟಗಾತಿ, ಊರಲ್ಲಿ ಅಂಥವರು ಇನ್ನೂ ಇದ್ದಾರೆ ಅಂತ ಅವನ ವಾದ. ಮಾಟ ಮಾಡಿದರೆಂದು ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ ಎಂದು 1735ರ ಕಾಯ್ದೆ ಆಗಲೇ ಸಾರಿತ್ತು. ನ್ಯಾಯಾಲಯ ಅವನಿಗೆ ಬುದ್ಧಿಭ್ರಮಣೆ ಎಂದು ತೀರ್ಮಾನಿಸಿತು, ಅವನು ಅಪರಾಧಿ ಮನೋರೋಗಿಗಳನ್ನಿಡುವ ಬ್ರಾಡ್‌ಮೂರ್ ಆಸ್ಪತ್ರೆ ಸೇರಿದ. ಹುಚ್ಚ ಅಂದುಬಿಟ್ಟರೆ ಊರಿಗೇನೋ ನಿರಾಳ. ಆದರೆ ಯಾವ ಮುದುಕಿಯನ್ನು ಶಂಕಿಸಬೇಕು ಅನ್ನುವುದನ್ನು ಅವನೊಬ್ಬನೇ ಕೂತು ಹುಟ್ಟಿಸಿರಲಾರ. ಸುತ್ತಲಿನವರಲ್ಲೂ ಮಾಟ ನಂಬುವವರಿದ್ದರು.

ಹಾಗಾಗಿ ಕಲ್ಲಿನ ಕಥೆ ಹೇಳಿದಾಗ ಆ್ಯನ್ ಟೆನೆಂಟಳ ಹೆಸರನ್ನೂ ಹೇಳುತ್ತೇನೆ. ಕೇಳುವವರಿಗೆ ರಕ್ತ ಸುರಿಸುವ ಗಿಡವೇ ಹೆಚ್ಚು ರುಚಿಸುತ್ತದೆ, ಆ ಮಾತು ಬೇರೆ.