ಸಹಸಂಬಂಧ ಲೆಕ್ಕದ ಪ್ರೋಗ್ರಾಂ: ಮೂರನೇ ವಾರ

ಎರಡು ಕಾಲಂಗಳ ಸಂಖ್ಯೆಗಳು ಸರಳ ರೇಖೆಯ ಹಾಗೆ ಎಷ್ಟರಮಟ್ಟಿಗೆ ಜೊತೆಯಾಗಿ ಸಾಗುತ್ತವೆ ಅನ್ನೋದನ್ನು -1ರಿಂದ 1ರೊಳಗೆ ಹೇಳುವ ಪಿಯರ್ಸನ್ ಗುಣಾಂಕದ ಭಾಗ ಕಳೆದ ವಾರವೇ ಮುಗಿದಿತ್ತು. ರೆಡಿಮೇಡ್ ಲೈಬ್ರರಿ ಮುಟ್ಟದೆ ಎಲ್ಲವನ್ನೂ ನಾನೇ ಬರೆಯಬೇಕು ಅನ್ನೋದು ಈ ಪ್ರಾಜೆಕ್ಟಿನ ಹಟ. ಈ ವಾರ ಅದನ್ನು ಪರೀಕ್ಷೆಗೆ ಹಚ್ಚಿದೆ.

ಅದಕ್ಕೆ ಆರಿಸಿಕೊಂಡದ್ದು ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೋಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪಟ್ಟಿಗಳು. ಒಂದೊಂದರಲ್ಲೂ 11 ಜೋಡಿ ಸಂಖ್ಯೆ. ನಾಲ್ಕಕ್ಕೂ ಉತ್ತರ ಸುಮಾರು 0.82. ಗ್ರಾಫ್ ಹಾಕಿದರೆ ಒಂದರ ಹಾಗೆ ಇನ್ನೊಂದಿಲ್ಲ! ಎರಡನೆಯದು ಬಿಲ್ಲಿನ ಹಾಗೆ ಬಾಗಿದೆ. ಮೂರನೆಯದರಲ್ಲಿ ಹತ್ತು ಚುಕ್ಕಿಗಳು ಸ್ಕೇಲ್ ಇಟ್ಟು ಗೆರೆ ಎಳೆದಂತಿವೆ, ಒಂದು ಮಾತ್ರ ಮೇಲಕ್ಕೆ ಹಾರಿದೆ. ಆ ಒಂದೇ ಚುಕ್ಕಿ 1 ಆಗಬೇಕಿದ್ದ ಉತ್ತರವನ್ನು 0.82ಕ್ಕೆ ಇಳಿಸಿದೆ.

ಹಾಗಾಗಿ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟ ರ್‍ಯಾಂಕ್ ವಿಧಾನವನ್ನೂ ಸೇರಿಸಿದೆ. ಇಲ್ಲಿ ಸಂಖ್ಯೆ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕಿಲ್ಲ, ಎಷ್ಟನೇ ಸ್ಥಾನ ಅನ್ನೋದಷ್ಟೇ ಮುಖ್ಯ. ಮೂರನೇ ಪಟ್ಟಿಗೆ 0.99 ಬಂತು. ತುಂಬಾ ಖುಷಿಯಾಯಿತು.

ತೊಡಕಾದದ್ದು ನಾಲ್ಕನೆಯದರಲ್ಲಿ. ಅದರ ಮೊದಲ ಕಾಲಂನಲ್ಲಿ 8 ಹತ್ತು ಸಲ ಇದೆ, ಒಂದೇ ಒಂದು 19. ಹತ್ತು ಎಂಟುಗಳಿಗೂ ಸಮ ಸ್ಥಾನ ಕೊಡಬೇಕಲ್ವಾ? 1ರಿಂದ 10ರ ಸರಾಸರಿ 5.5 ಕೊಟ್ಟೆ. ರ್‍ಯಾಂಕುಗಳ ವ್ಯತ್ಯಾಸದ ವರ್ಗ ಕೂಡಿಸುವ ಸುಲಭ ಸೂತ್ರದಲ್ಲಿ ಹಾಕಿದರೆ 0.625 ಬಂತು. ಅದೇ ರ್‍ಯಾಂಕುಗಳಿಗೆ ಪಿಯರ್ಸನ್ ಲೆಕ್ಕ ಹಾಕಿದರೆ ಸರಿಯಾಗಿ 0.5. ಎರಡು ಸಂಜೆ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು. ಸಮ ಸ್ಥಾನಗಳು ಇಲ್ಲದಿದ್ದಾಗ ಮಾತ್ರ ಆ ಸುಲಭ ಸೂತ್ರ ನಿಜವಾದ ಉತ್ತರ ಕೊಡುತ್ತದೆ. ಪುಸ್ತಕಗಳಲ್ಲಿ ಈ ಷರತ್ತನ್ನು ಸೂತ್ರದ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಹಾಕಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಆ ಸೂತ್ರವನ್ನು ಪೂರ್ತಿ ಅಳಿಸಿದೆ. ಈಗ ರ್‍ಯಾಂಕ್ ಕೊಟ್ಟ ಮೇಲೆ ಪಿಯರ್ಸನ್ ಲೆಕ್ಕವೇ ಓಡುತ್ತದೆ.

ಆಮೇಲೆ ಸುಮ್ನೆ ನೋಡೋಣ ಅಂತ ಆ 19ರ ಸಾಲನ್ನು ತೆಗೆದೆ. ಪ್ರೋಗ್ರಾಂ ನಿಂತೇಹೋಯಿತು. ಉಳಿದದ್ದೆಲ್ಲ ಬರೀ ಎಂಟು, ಸರಾಸರಿಯಿಂದ ವ್ಯತ್ಯಾಸವೇ ಇಲ್ಲ, ಹಾಗಾಗಿ ಸೂತ್ರದ ಛೇದದಲ್ಲಿ ಸೊನ್ನೆ ಬಂದು, ಅದರಿಂದ ಭಾಗಿಸಬೇಕಾಗುತ್ತದೆ. ಉತ್ತರ 0 ಅಂತ ತೋರಿಸಿಬಿಡುವುದು ಸುಲಭವಿತ್ತು, ಆದರೆ ಅದು ಸುಳ್ಳು. ಸಂಬಂಧ ಇಲ್ಲ ಅನ್ನೋದೇ ಬೇರೆ, ಅಳೆಯೋಕೆ ಆಗಲ್ಲ ಅನ್ನೋದೇ ಬೇರೆ. ಈಗ ಪರದೆಯ ಮೇಲೆ ಹೀಗೆ ಬರುತ್ತದೆ: ‘ಮೊದಲ ಕಾಲಂನಲ್ಲಿ ಏರಿಳಿತ ಇಲ್ಲ, ಗುಣಾಂಕ ಹೇಳಲಾಗದು.’

ಗ್ರಾಫ್ ಮೊದಲು, ಸಂಖ್ಯೆ ಆಮೇಲೆ ಬರುವಂತೆ ಕ್ರಮವನ್ನೂ ಬದಲಿಸಿದ್ದೇನೆ. ಮುಂದಿನ ವಾರ ಸಾಲುಗಳನ್ನು ಎರಡೆರಡಾಗಿ ಹೋಲಿಸಿ ಕ್ರಮ ನೋಡುವ ಕೆಂಡಾಲ್ ವಿಧಾನ. ಅಲ್ಲೂ ಸಮ ಸ್ಥಾನಗಳ ಕಾಟ ಇದ್ದೇ ಇದೆ, ಈ ಸಲ ಶುರುವಿನಿಂದಲೇ ಅದನ್ನು ನೋಡಿಕೊಂಡು ಬರೆಯುತ್ತೇನೆ.