ಜಿಪಿಎಸ್ ತೆಗೆಯಲು ಹೋಗಿ ಬಣ್ಣ ಕಳೆದುಕೊಂಡೆ

ಮೊದಲ ವಾರ

ಹಳೇ ಹಾರ್ಡ್ ಡಿಸ್ಕಿನಿಂದ 140 ಫೋಟೊ ಆರಿಸಿ ವೆಬ್‌ಗೆ ಸಿದ್ಧ ಮಾಡಲು ಕೂತೆ. ಎಲ್ಲವೂ 6000×4000 ಪಿಕ್ಸೆಲ್, ಒಂದೊಂದೂ ಹತ್ತು ಎಂಬಿ ದಾಟಿದವು. ಉದ್ದದ ಬದಿಯನ್ನು 1600ಕ್ಕೆ ಇಳಿಸಿ, ಜೆಪೆಗ್ ಕ್ವಾಲಿಟಿ 80ಕ್ಕೆ ಇಟ್ಟೆ. ಹೆಚ್ಚಿನವು 400 ಕೆಬಿ ಒಳಗೇ ಬಂದವು. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಂಕಿ) 72 ಮಾಡಬೇಕೋ ಬೇಡವೋ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದು ದಂಡ. ಅದು ಪ್ರಿಂಟಿನ ಲೆಕ್ಕ, ಬ್ರೌಸರ್ ಅದನ್ನು ಕೇಳುವುದೇ ಇಲ್ಲ.

ಎರಡನೇ ವಾರ

ಫೋಟೊ ತೆಗೆದ ಜಾಗ ಎಕ್ಸಿಫ್‌ನಲ್ಲಿ, ಅಂದರೆ ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ಮಾಹಿತಿಯಲ್ಲಿ ಕೂತಿರುತ್ತದೆ, ಅದು ಬೇಡ ಅಂತ ಇಮೇಜ್‌ಮ್ಯಾಜಿಕ್ ಅನ್ನುವ ಫೋಟೊ ತಂತ್ರಾಂಶದಲ್ಲಿ ಸ್ಟ್ರಿಪ್ (ಫೈಲಿಗೆ ಅಂಟಿದ ಇಂಥ ಮಾಹಿತಿ ಕಿತ್ತುಹಾಕುವ ಆಜ್ಞೆ) ಹಾಕಿ ಎಲ್ಲವನ್ನೂ ಒಂದೇ ಏಟಿಗೆ ಓಡಿಸಿದೆ. ಜಿಪಿಎಸ್ ಹೋಯಿತು. ಜೊತೆಗೆ ಉದ್ದುದ್ದ ಹಿಡಿದ ಫೋಟೊಗಳೆಲ್ಲ ಅಡ್ಡ ಮಲಗಿದವು, ದಾಸವಾಳದ ಕೆಂಪು ಮಂಕಾಯಿತು, ಎಲೆಗಳು ಬಾಡಿದ ಹಾಗೆ ಕಂಡವು. ಮೂಲ ಫೈಲುಗಳನ್ನು ಮುಟ್ಟಿರಲಿಲ್ಲ, ಬಚಾವ್.

ಅಡ್ಡ ಮಲಗಿದ್ದಕ್ಕೆ ಕಾರಣ ಬೇಗ ಸಿಕ್ಕಿತು. ಕ್ಯಾಮೆರಾ ಚಿತ್ರವನ್ನು ತಿರುಗಿಸಿರುವುದಿಲ್ಲ, ‘ತಿರುಗಿಸಿ ತೋರಿಸು’ ಅಂತ ಎಕ್ಸಿಫ್‌ನಲ್ಲಿ ಒಂದು ಅಂಕಿ ಬರೆದಿಟ್ಟಿರುತ್ತದೆ. ಆ ಚೀಟಿಯನ್ನೇ ನಾನು ಹರಿದು ಹಾಕಿದ್ದೆ.

ಬಣ್ಣದ್ದು ಮಾತ್ರ ಎರಡು ಸಂಜೆ ತಿಂದಿತು. ಯಾವತ್ತೋ ‘ಇದೇ ಒಳ್ಳೆಯದು’ ಅಂದುಕೊಂಡು ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಅನ್ನುವ ಬಣ್ಣದ ಅಳತೆಯನ್ನು ಆರಿಸಿದ್ದೆ. ವೆಬ್‌ನ ಮಾಮೂಲಿ ಅಳತೆಯಾದ ಎಸ್‌ಆರ್‌ಜಿಬಿಯಲ್ಲಿ 255 (ಗರಿಷ್ಠ) ಆಗಿರುವ ಅಚ್ಚ ಕೆಂಪು ಅದರಲ್ಲಿ ಸುಮಾರು 219. ಯಾವ ಅಳತೆ ಅಂತ ಹೇಳುವ ಪ್ರೊಫೈಲ್ ಫೈಲಿನಲ್ಲಿ ಇದ್ದರೆ ಬ್ರೌಸರ್ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಸ್ಟ್ರಿಪ್ ಅದನ್ನೂ ಕಿತ್ತು ಹಾಕಿದ್ದರಿಂದ 219 ಅನ್ನು 219 ಅಂತಲೇ ಓದಿ ಮಂಕು ಕೆಂಪು ಬಳಿಯಿತು.

ಮೂರನೇ ವಾರ

ಕ್ರಮ ಬದಲಾಯಿಸಿದೆ: ಮೊದಲು ಆಟೊ-ಓರಿಯೆಂಟ್ (ಎಕ್ಸಿಫ್‌ನ ಆ ಅಂಕಿಯ ಪ್ರಕಾರ ಚಿತ್ರವನ್ನೇ ತಿರುಗಿಸುವುದು), ಆಮೇಲೆ ಎಸ್‌ಆರ್‌ಜಿಬಿಗೆ ಪರಿವರ್ತನೆ, ರಿಸೈಜ್, ಹದವಾಗಿ ಶಾರ್ಪನ್, ಕೊನೆಗೆ ಸ್ಟ್ರಿಪ್. ಕೆಂಪು ವಾಪಸ್ ಬಂತು.

ಆದರೂ ದಾಸವಾಳ ಬಿಡಲಿಲ್ಲ. 200% ಹಿಗ್ಗಿಸಿ ನೋಡಿದರೆ ದಳದ ಅಂಚಿನ ಕೆಂಪು ಎಲೆಯ ಹಸಿರಿಗೆ ಕಲಸಿಹೋಗಿತ್ತು. ಅದು ಜೆಪೆಗ್‌ನ 4:2:0 ಸೆಟ್ಟಿಂಗಿನ ಕೆಲಸ. ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ್ದು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ಹೂವಿನ ಹನ್ನೊಂದು ಫೋಟೊಗಳನ್ನಷ್ಟೇ 4:4:4ಕ್ಕೆ, ಅಂದರೆ ಬಣ್ಣವೂ ಪ್ರತಿ ಪಿಕ್ಸೆಲ್‌ಗೆ ಇರುವ ಹಾಗೆ ಹಾಕಿದೆ. ಫೈಲು ಸ್ವಲ್ಪ ದಪ್ಪವಾಯಿತು, ಇರಲಿ.

ಇವತ್ತಿಗೆ 102 ಮುಗಿದಿವೆ. ಉಳಿದವುಗಳಲ್ಲಿ ಹೆಚ್ಚಿನವು ಸಂಜೆ ಆಕಾಶದವು. ಒಂದರಲ್ಲಿ ಆಗಲೇ ಪಟ್ಟೆಪಟ್ಟೆ ಕಾಣುತ್ತಿದೆ.